ಪಿಂಗಾಣಿ ಬಟ್ಟಲಿನ ನೆಂಟ

ನಂದಿದುರ್ಗ ಚಿನ್ನದ ಗಣಿಯ ಮೇಲಿನ ಬಂಗಲೆಯಲ್ಲಿ ಗಂಗರತ್ನಮ್ಮ ಆಯಾ ಆಗಿ ಸೇರಿದ ದಿನ ಅವಳಿಗೆ ಒಪ್ಪಿಸಿದ ಮೊದಲ ಕೆಲಸ ಗಾಜಿನ ಬೀರುವಿನ ಧೂಳು ಒರೆಸುವುದು. ಗಂಡ ಚಿಕ್ಕವೆಂಕಟಪ್ಪ ವಿಷಮಶೀತ ಜ್ವರದಲ್ಲಿ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ಮಕ್ಕಳಿರಲಿಲ್ಲ. ತವರಿಗೆ ಹೋಗಿ ಅತ್ತಿಗೆಯ ಕೈ ನೋಡಿಕೊಂಡು ಉಣ್ಣುವುದಕ್ಕಿಂತ ದೊರೆಸಾನಿಯ ಮಕ್ಕಳ ಮುಖ ತೊಳೆಯುವುದೇ ಮೇಲೆಂದು ಬಂದವಳು. ಬಳೆಯಿಲ್ಲದ ಕೈಯನ್ನು ಮೆಲ್ಲಗೆ ಬೀರುವಿನೊಳಗೆ ಇಟ್ಟಳು.

ಬೀರುವಿನ ಕೆಳಗಿನ ಹಲಗೆಯ ಮೇಲೆ ನಾಲ್ಕು ಬಟ್ಟಲುಗಳಿದ್ದವು. ಹಿಡಿಯಿಲ್ಲದ ಪಿಂಗಾಣಿ ಬಟ್ಟಲು. ಬೊಗಸೆಯೊಳಗೆ ಕೂರುವಷ್ಟು ಪುಟ್ಟವು, ಬೆಳಕಿಗೆ ಹಿಡಿದರೆ ಆಚೆಗಿನ ಬೆರಳಿನ ನೆರಳು ಕಾಣುವಷ್ಟು ತೆಳುವಾದವು. ಒಂದರ ಮೇಲೆ ಕೋಲು ಹಿಡಿದು ಬೆಟ್ಟ ಹತ್ತುತ್ತಿರುವ ಮುದುಕ. ಇನ್ನೊಂದರ ಮೇಲೆ ಒಲೆ, ಒಲೆಯ ಮೇಲೆ ಹಬೆಯಾಡುವ ಕೆಟಲ್. ಮೂರನೆಯದರಲ್ಲಿ ಇಬ್ಬರು ಮುದುಕರು ಎದುರುಬದುರು ಕುಳಿತಿದ್ದರು, ಇಬ್ಬರ ಬಾಯೂ ಮುಚ್ಚಿತ್ತು. ನಾಲ್ಕನೆಯದರಲ್ಲಿ ಮನುಷ್ಯರೇ ಇಲ್ಲ. ಬರೀ ಬಿಳಿಚು ಬಣ್ಣ, ಅದರ ಮೇಲೆ ಅಲ್ಲೊಂದು ಇಲ್ಲೊಂದು ಮರದ ತುದಿ. ಪ್ರತಿ ಚಿತ್ರದ ಪಕ್ಕದಲ್ಲೂ ಮೇಲಿನಿಂದ ಕೆಳಕ್ಕೆ ಇಳಿಬಿಟ್ಟ ಕಪ್ಪು ಅಕ್ಷರಗಳು. ಅವು ಚೀನಾದವು, ಹಡಗಿನಲ್ಲಿ ಬರುವಾಗ ಕೊಂಡದ್ದು ಎಂದು ದೊರೆಸಾನಿ ಒಮ್ಮೆ ಹೇಳಿದ್ದಳು. ಅವುಗಳಲ್ಲಿ ಟೀ ಕುಡಿದದ್ದನ್ನು ಗಂಗರತ್ನಮ್ಮ ಕಂಡಿರಲಿಲ್ಲ. ಮನೆಯಲ್ಲಿ ಪಾರ್ಟಿಯಿದ್ದಾಗ ಹುರಿದ ಗೋಡಂಬಿ ಹಾಕಿಡಲು ಒಂದೆರಡು ಸಲ ಹೊರಬಂದಿದ್ದವು, ಅಷ್ಟೆ.

ವರ್ಷಗಟ್ಟಲೆ ಒರೆಸಿದ ಮೇಲೆ ಆ ಮುದುಕರು ಅವಳಿಗೆ ಪರಿಚಯದವರಾದರು. ಅವರಿಗೆ ಅವಳೇ ಒಂದು ಕಥೆ ಕಟ್ಟಿದಳು. ಕೋಲಿನ ಮುದುಕ ಹೆಣ್ಣು ಕೇಳಲು ಬಂದಿದ್ದಾನೆ. ಮನೆಯವನಿಗೆ ಇಷ್ಟವಿಲ್ಲ. ಬಾಯಿಬಿಟ್ಟು ಇಲ್ಲವೆನ್ನಲಾರ, ಆಯಿತೆಂದೂ ಅನ್ನಲಾರ. ಕೊನೆಗೆ ಮಾತು ಕೆಟ್ಟು, ಬಂದವನು ಒಂದು ದಿಕ್ಕಿಗೆ, ಮನೆಯವನು ಒಂದು ದಿಕ್ಕಿಗೆ ಹೋಗಿಬಿಟ್ಟರು. ಅದಕ್ಕೇ ನಾಲ್ಕನೆಯ ಬಟ್ಟಲು ಖಾಲಿ. ದೊರೆಸಾನಿಯ ಮಕ್ಕಳು ಊಟ ಮಾಡುವುದಿಲ್ಲವೆಂದು ಹಟ ಹಿಡಿದಾಗ ಇದನ್ನೇ ಹಿಗ್ಗಿಸಿ ಹೇಳುತ್ತಿದ್ದಳು. ಒಂದು ದಿನ ಆ ಹೆಣ್ಣು ಕುಂಟಿ, ಒಂದು ದಿನ ರಾಜಕುಮಾರಿ.

ಗಣಿಗಳನ್ನು ಸರ್ಕಾರ ವಹಿಸಿಕೊಂಡ ಮರುವರ್ಷ ದೊರೆಯ ಸಂಸಾರ ಊರಿಗೆ ಹೊರಟಿತು. ಸಾಮಾನುಗಳನ್ನೆಲ್ಲ ವರಾಂಡದಲ್ಲಿಟ್ಟು ಹರಾಜು ಹಾಕಿದರು. ಮೇಜು, ಮಂಚ, ಪಿಯಾನೋ ಎಲ್ಲ ಹೋದವು. ಹಿಡಿಯಿಲ್ಲದ ಬಟ್ಟಲು ಯಾರಿಗೂ ಬೇಡವಾಯಿತು. "ಆಯಾ, ನಿನಗೇನು ಬೇಕು?" ಎಂದು ದೊರೆಸಾನಿ ಕೇಳಿದಾಗ ಗಂಗರತ್ನಮ್ಮ ಅವುಗಳತ್ತ ಬೆರಳು ತೋರಿಸಿದಳು. ದೊರೆಸಾನಿ ನಕ್ಕು, ಬಟ್ಟಲಿನ ಜೊತೆಗೆ ಒಂದು ಉಣ್ಣೆಯ ಕಂಬಳಿಯನ್ನೂ ಕೊಟ್ಟಳು.

ತವರಿಗೆ ಹೋಗದೆ ಬೇರೆ ದಾರಿಯಿರಲಿಲ್ಲ. ಬೂದಿಕೋಟೆಗೆ ಹೋಗುವ ರಸ್ತೆಯ ಮಗ್ಗುಲಲ್ಲಿ ಅವಳ ಅಣ್ಣ ಅಶ್ವತ್ಥಪ್ಪನ ಹಳ್ಳಿ. ಅಣ್ಣ ಬಾಯಿ ಜೋರು, ಮನಸ್ಸು ಕೆಟ್ಟದ್ದಲ್ಲ. ಅತ್ತಿಗೆ ಕನಕಮ್ಮ ಲೆಕ್ಕಾಚಾರದವಳು. ಕೂತು ಉಂಡರೆ ಮಾತು ಬರುತ್ತದೆಂದು ತಿಳಿದಿದ್ದ ಗಂಗರತ್ನಮ್ಮ ಕೂಡಿಟ್ಟ ಸಂಬಳದಲ್ಲಿ ಒಂದು ಎಮ್ಮೆ ಕೊಂಡಳು. ಬೆಳಗಿನ ಮೊದಲ ಬಸ್ಸಿಗೆ ಹಾಲಿನ ಕ್ಯಾನು ಹಿಡಿದು ಬಂಗಾರಪೇಟೆಗೆ ಹೋಗಿ, ದಿನವೂ ಹಾಲು ಹಾಕಿಸಿಕೊಳ್ಳುವ ವರ್ತನೆ ಮನೆಗಳಿಗೆಲ್ಲ ಕೊಟ್ಟು, ಬಿಸಿಲೇರುವ ಹೊತ್ತಿಗೆ ವಾಪಸು ಬರುವುದು ರೂಢಿಯಾಯಿತು.

ವರ್ತನೆ ಮನೆಗಳಲ್ಲಿ ಒಂದು ಸ್ಟೇಷನ್ ರಸ್ತೆಯ ಹಲ್ಲಿನ ಅಂಗಡಿ. ಹೊರಗೆ ದೊಡ್ಡ ದವಡೆಯ ಚಿತ್ರ ಬರೆದ ಬೋರ್ಡು, ಒಳಗೆ ಕಾಲಲ್ಲಿ ತುಳಿಯುವ ಹಲ್ಲು ಕೊರೆಯುವ ಯಂತ್ರ, ಕಪಾಟಿನಲ್ಲಿ ಫಳಫಳ ನಗುವ ಕಟ್ಟಿದ ಹಲ್ಲುಗಳು. ಒಡೆಯ ಚೀನಾದವನು. ಅವನ ಹೆಸರು ತಾಂಗ್. ಗಣಿಯಿಂದ ಬರುವ ತಮಿಳಿನವರ ಬಾಯಲ್ಲಿ ಅದು 'ತಂಗಂ' ಆಗಿತ್ತು. ತಂಗಂ ಎಂದರೆ ಬಂಗಾರ. ಹಲ್ಲಿಗೆ ಬಂಗಾರದ ಕವಚ ಕೂರಿಸುವುದರಲ್ಲಿ ಆತ ನಿಸ್ಸೀಮನಾಗಿದ್ದರಿಂದ ಆ ಹೆಸರೇ ನಿಂತಿತು. ಗಣಿಯ ಪಕ್ಕದ ಮಾರಿಕುಪ್ಪಂನಿಂದ ರೈಲು ಹತ್ತಿ ಬಂದು ಬಾಯಿ ತೆರೆದು ಕೂರುವವರು ಬಹಳ ಜನ. ಹರೆಯದಲ್ಲಿ ಹಲ್ಲಿನ ಪೆಟ್ಟಿಗೆ ಹೊತ್ತು ಊರೂರು ತಿರುಗುತ್ತ ಬಂದವನು, ಬಂಗಾರಪೇಟೆಯಲ್ಲಿ ನಿಂತವನು ಮತ್ತೆ ಕದಲಲಿಲ್ಲ. ಅಂಗಡಿಯ ಹಿಂದಿನ ಕೋಣೆಯಲ್ಲಿ ಒಂಟಿಯಾಗಿ ವಾಸ.

ಆ ಕೋಣೆಯ ಬಾಗಿಲಿನ ಮೇಲೆ ಒಂದು ಕೆಂಪು ಕಾಗದ ಅಂಟಿಸಿತ್ತು. ಅದರ ಮೇಲೆ ಕಪ್ಪು ಅಕ್ಷರ. ಹಾಲು ಅಳೆಯುತ್ತಿದ್ದ ಗಂಗರತ್ನಮ್ಮ ತಲೆಯೆತ್ತಿ ನೋಡಿದವಳು ಪಾವು ಹಿಡಿದ ಕೈಯನ್ನು ಹಾಗೆಯೇ ನಿಲ್ಲಿಸಿದಳು.

"ಡಾಕ್ಟ್ರೆ, ಈ ತರಾ ಅಕ್ಷರ ನನ್ನತ್ರಾನೂ ಐತೆ."

"ನಿಮ್ಮ ಹತ್ತಿರ? ಎಲ್ಲಿ?"

"ಬಟ್ಟಲ ಮ್ಯಾಲೆ."

ಮರುದಿನ ಕೋಲಿನ ಮುದುಕನ ಬಟ್ಟಲನ್ನು ಸೆರಗಿನಲ್ಲಿ ಸುತ್ತಿಕೊಂಡು ತಂದಳು. ತಾಂಗ್ ಕೈ ತೊಳೆದು, ಒರೆಸಿಕೊಂಡು, ಕನ್ನಡಕ ಹಾಕಿಕೊಂಡು ಬಟ್ಟಲನ್ನು ತಿರುಗಿಸಿದ. ತುಟಿ ಅಲ್ಲಾಡಿತು. ಕುರ್ಚಿಯಲ್ಲಿ ಬಾಯಿ ತೆರೆದು ಕುಳಿತಿದ್ದ ಗಿರಾಕಿಯ ನೆನಪೂ ಅವನಿಗೆ ಇದ್ದಂತಿರಲಿಲ್ಲ.

"ಇದು ಒಂದೇ ಸಾಲು. ಇನ್ನೂ ಇದೆಯಾ ಅಮ್ಮಾ?" ಎಂದ.

ಮಿಕ್ಕ ಮೂರೂ ಬಂದವು. ಅವುಗಳನ್ನು ಮೇಜಿನ ಮೇಲೆ ಬಲದಿಂದ ಎಡಕ್ಕೆ ಜೋಡಿಸಿ, ಆತ ಒಂದೊಂದನ್ನೇ ಮುಟ್ಟುತ್ತ ಹೇಳಿದ. ಅವನ ಕನ್ನಡದಲ್ಲಿ ತಮಿಳು ಬೆರೆತಿತ್ತು, ಬೇಕಾದ ಮಾತಿಗಾಗಿ ನಡುನಡುವೆ ನಿಲ್ಲುತ್ತಿದ್ದ.

"ಬೆಟ್ಟ ಹತ್ತಿ ಬೆಳಿಗ್ಗೆ ಬಂದ ನೆಂಟ, ಇನ್ನೂ ಇಲ್ಲೇ ಇದಾನೆ. ನೀರು ಮತ್ತೆ ಕಾಯ್ತು. ಮಾತು ಮುಗೀತು, ಮೊದಲು ಏಳೋದು ಯಾರು? ಹೊರಗೆ... ಪನಿ, ಪನಿ ಅಂತಾರಲ್ಲ, ಬೆಳ್ಳಗೆ..."

"ಮಂಜು."

"ಮಂಜು. ಮಂಜು ಕರಗಲಿ ಅಂತ ಇಬ್ಬರೂ ಹೇಳ್ತಾರೆ."

ಗಂಗರತ್ನಮ್ಮ ಮುಂದಿನದಕ್ಕೆ ಕಾದಳು. ಆತ ಕನ್ನಡಕ ತೆಗೆದ.

"ಅಷ್ಟೇನಾ?"

"ಅಷ್ಟೇ."

"ಎದ್ದು ಓಗಕ್ಕೆ ಮನಸಿಲ್ಲ ಅನ್ನಾಕೆ ಇಷ್ಟು ಚಂದದ ಬಟ್ಟಲು ಬೇಕಾಗಿತ್ತಾ ಡಾಕ್ಟ್ರೆ? ನಾನು ಇವ್ರಿಬ್ರಿಗೂ ಜಗಳ ಅಂದ್ಕೊಂಡಿದ್ದೆ. ಎಣ್ಣು ಕೇಳಾಕೆ ಬಂದವ್ನೆ ಅಂದ್ಕೊಂಡಿದ್ದೆ."

ತಾಂಗ್ ಗಟ್ಟಿಯಾಗಿ ನಕ್ಕ. "ನಿಮ್ಮ ಕಥೆ ದೊಡ್ಡದು. ಇದು ಚಿಕ್ಕದು."

"ಬರೆದೋರು ಯಾರು?"

"ಹೆಸರಿಲ್ಲ. ಯಾರೋ."

ಬಸ್ಸಿನಲ್ಲಿ ಬರುವಾಗ ಅವಳಿಗೆ ನಿಜಕ್ಕೂ ಬೇಸರವಾಗಿತ್ತು. ಇಷ್ಟು ವರ್ಷ ಒರೆಸಿದ್ದು ಇಷ್ಟಕ್ಕೇನೆ ಎನಿಸಿತು. ಆದರೆ ಮಾತು ಮನಸ್ಸಿನಲ್ಲಿ ಉಳಿದುಬಿಟ್ಟಿತು. ಕೆಲವು ದಿನಗಳ ಮೇಲೆ ಎಮ್ಮೆಗೆ ಹುಲ್ಲು ಹಾಕುವಾಗ, ದೊರೆಸಾನಿ ಹೊರಟ ಬೆಳಗು ಇದ್ದಕ್ಕಿದ್ದಂತೆ ಕಣ್ಣ ಮುಂದೆ ಬಂತು. ಕಾರು ಬಾಗಿಲಲ್ಲಿ ನಿಂತಿತ್ತು, ಮಕ್ಕಳು ಹತ್ತಿ ಕುಳಿತಿದ್ದರು. ದೊರೆಸಾನಿ ಮಾತ್ರ ವರಾಂಡದ ಮೆಟ್ಟಿಲ ಮೇಲೆ ಕುಳಿತು, "ನಾಯಿಯ ತಟ್ಟೆಗೆ ನೀರು ಹಾಕಿದೆಯಾ ಆಯಾ?" ಎಂದು ಕೇಳಿದ್ದಳು. ನಾಯಿಯನ್ನು ಹಿಂದಿನ ವಾರವೇ ಯಾರಿಗೋ ಕೊಟ್ಟಾಗಿತ್ತು. ಬಿಳಿ ಹೆಂಗಸಿಗೆ ತಲೆ ಕೆಟ್ಟಿದೆ ಎಂದುಕೊಂಡು ಗಂಗರತ್ನಮ್ಮ ಆಗ ಕಾರಿನ ಬಾಗಿಲು ಹಿಡಿದು ನಿಂತಿದ್ದಳು. ಈಗ ಹುಲ್ಲಿನ ಕಂತೆ ಹಿಡಿದು ನಿಂತವಳಿಗೆ, ಆ ಹೊತ್ತು ತಾನೂ ಪಕ್ಕದಲ್ಲಿ ಕುಳಿತು ಹಾಕಿದೆ ಅಮ್ಮಾ ಅಂದಿದ್ದರೆ ಏನಾಗುತ್ತಿತ್ತು ಅನ್ನಿಸಿತು.

ಇದನ್ನು ತಾಂಗ್‌ಗೆ ಹೇಳಿದಳು. ಆತ ತಲೆದೂಗಿದ. ಆಮೇಲೆ ಹಾಲು ಕೊಟ್ಟ ಮೇಲೂ ಬಸ್ಸಿನ ಹೊತ್ತಿನವರೆಗೆ ಅಂಗಡಿಯ ಮೆಟ್ಟಿಲ ಮೇಲೆ ಕೂರುವುದು ಅಭ್ಯಾಸವಾಯಿತು. ಆತ ಗಿರಾಕಿಗಳ ನಡುವೆ ಟೀ ಕುದಿಸಿ ಒಂದು ಲೋಟ ಕೊಡುತ್ತಿದ್ದ. ಹಾಲು, ಸಕ್ಕರೆ, ಶುಂಠಿ ಎಲ್ಲ ಹಾಕಿದ ಗಟ್ಟಿ ಟೀ.

"ನಿಮ್ಮೂರಲ್ಲೂ ಇಂಗೇ ಕಾಯಿಸ್ತಾರಾ?"

"ಅಲ್ಲಿ ಬರೀ ಎಲೆ, ನೀರು. ನಾನು ಇಲ್ಲಿ ಬಂದು ಕೆಟ್ಟೆ" ಎಂದು ಆತ ಇನ್ನೊಂದು ಚಮಚ ಸಕ್ಕರೆ ಹಾಕಿಕೊಳ್ಳುತ್ತಿದ್ದ.

ಹೀಗೆ ನಾಲ್ಕೈದು ವರ್ಷ ನಡೆಯಿತು. ಅರವತ್ತೆರಡರ ದೀಪಾವಳಿಯ ಸುಮಾರಿಗೆ ಚೀನಾದವರು ಗಡಿ ದಾಟಿ ಬಂದರು.

ಪಂಚಾಯ್ತಿಯ ರೇಡಿಯೋ ಮುಂದೆ ಊರಿಗೆ ಊರೇ ಕೂರತೊಡಗಿತು. ಅಶ್ವತ್ಥಪ್ಪ ಪಂಚಾಯ್ತಿ ಮೆಂಬರಾಗಿದ್ದ. ರಕ್ಷಣಾ ನಿಧಿಗೆ ಬಂಗಾರ ಕೂಡಿಸಲು ಮನೆಮನೆಗೆ ಹೋದ. ಕನಕಮ್ಮ ಕಿವಿಯ ಓಲೆ ಬಿಚ್ಚಿಕೊಟ್ಟಳು. ಗಂಗರತ್ನಮ್ಮನೂ ಪೆಟ್ಟಿಗೆಯ ತಳದಲ್ಲಿ ಬಚ್ಚಿಟ್ಟಿದ್ದ ಮೂಗುಬೊಟ್ಟನ್ನು ತಂದುಕೊಟ್ಟಳು. ಹಿಮದಲ್ಲಿ ಬರಿಗಾಲಲ್ಲಿ ನಿಂತ ಸಿಪಾಯಿ ಹುಡುಗರ ಸುದ್ದಿಯನ್ನು ಅವಳೂ ರೇಡಿಯೋದಲ್ಲಿ ಕೇಳಿದ್ದಳು.

ಆ ಪೆಟ್ಟಿಗೆ ತೆರೆದಾಗಲೇ ಕನಕಮ್ಮನ ಕಣ್ಣಿಗೆ ಬಟ್ಟಲು ಬಿದ್ದದ್ದು. ಸಂಜೆ ಅಶ್ವತ್ಥಪ್ಪ ಅಂಗಳದಲ್ಲಿ ನಿಂತು ಕೂಗಿದ.

"ಏನಮ್ಮೀ, ಚೀನಾದೋರ ಸಾಮಾನು ನನ್ನ ಮನೇಲಿ ಮಡಗಿದ್ದೀಯಾ? ನಾನು ಮೆಂಬರು ಅಂಬೋದು ಗ್ಯಾನ ಐತಾ ನಿಂಗೆ? ತತ್ತಾ ಇಲ್ಲಿ, ಚಾವಡಿ ಮುಂದೆ ಎಲ್ರ ಎದುರ್ಗೆ ಒಡೀತೀನಿ!"

"ದೊರೆಸಾನಿ ಕೊಟ್ಟಿದ್ದು ಕಣಣ್ಣ. ನನ್ನ ದುಡಿಮೆದು."

"ಯಾರಾರ ಕೊಟ್ಟಿರ್ಲಿ. ಮಾಡಿದೋರು ಅವ್ರು ತಾನೆ?"

ಗಂಗರತ್ನಮ್ಮ ಪೆಟ್ಟಿಗೆಯ ಮೇಲೆ ಕುಳಿತುಬಿಟ್ಟಳು. "ಆಗಾದ್ರೆ ಮೊದ್ಲು ನಿನ್ನ ಬಾಯಾಗಿನ ಬಂಗಾರದ ಅಲ್ಲು ಕೀಳ್ಸು. ಅದ್ನ ಕೂರ್ಸಿದ್ದು ಯಾವ ಕೈ? ಅದು ಒಡೆದ ಮ್ಯಾಲೆ ಬಾ, ಬಟ್ಟಲು ನಾನೇ ತಂದುಕೊಡ್ತೀನಿ."

ಬಾಗಿಲಲ್ಲಿ ನಿಂತು ನೋಡುತ್ತಿದ್ದ ಪಕ್ಕದ ಮನೆಯ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡರು. ಅಶ್ವತ್ಥಪ್ಪ ಬಾಯಿ ಮುಚ್ಚಿದ. ತಾಂಗ್ ಕೂರಿಸಿಕೊಟ್ಟದ್ದು, ಮದುವೆ ಮನೆಗಳಲ್ಲಿ ಬೇಕೆಂದೇ ಅಗಲವಾಗಿ ನಕ್ಕು ತೋರಿಸುತ್ತಿದ್ದ ಹಲ್ಲು ಅದು. ಸ್ವಲ್ಪ ಹೊತ್ತಿನ ಮೇಲೆ ಒಳಗೆ ಬಂದು, ದನಿ ಇಳಿಸಿ ಹೇಳಿದ:

"ಒಡಿಯಲ್ಲ, ಬುಡು. ಆದ್ರೆ ಈ ಮನೇಲಿ ಬ್ಯಾಡ ತಂಗೀ. ನಾಳೆ ಯಾರಾನ ಬಂದು ಕೇಳಿದ್ರೆ ನಾನೇನಂತ ಬಾಯಿ ಬುಡ್ಲಿ?"

ಅದರಲ್ಲೂ ನ್ಯಾಯವಿತ್ತು. ಅಣ್ಣನ ಮುಖದ ಮೇಲಿದ್ದದ್ದು ಕೋಪವಲ್ಲ, ದಿಗಿಲು ಎಂಬುದು ಅವಳಿಗೆ ಕಂಡಿತು. ಮರುದಿನ ಬಟ್ಟಲುಗಳನ್ನು ಹಳೆಯ ಸೀರೆಯಲ್ಲಿ ಸುತ್ತಿ, ಹುಲ್ಲು ತುರುಕಿದ ಇನ್ನೊಂದು ಕ್ಯಾನಿನಲ್ಲಿಟ್ಟು ತಾಂಗ್‌ನ ಅಂಗಡಿಗೆ ತಂದಳು.

ಅಂಗಡಿಯ ಬೋರ್ಡಿನ ಮೇಲೆ ಯಾರೋ ಡಾಂಬರು ಎರಚಿದ್ದರು. ತಾಂಗ್ ಅದನ್ನು ತಾನೇ ಇಳಿಸಿ ಗೋಡೆಗೆ ತಿರುಗಿಸಿ ಇಟ್ಟಿದ್ದ. ಕುರ್ಚಿ ಖಾಲಿ.

"ನನ್ನ ಹತ್ತಿರ ಇಟ್ಟರೆ ನಿಮಗೂ ಕಷ್ಟ ಅಮ್ಮಾ" ಎಂದ.

"ಇನ್ನೆಲ್ಲಿ ಮಡಗ್ಲಿ ಡಾಕ್ಟ್ರೆ? ನನಗೆ ಇನ್ನೊಂದು ಮನೆ ಎಲ್ಲೈತೆ?"

ಆತ ಕ್ಯಾನನ್ನು ಒಳಗೆ ತೆಗೆದುಕೊಂಡ.

ಅವನು ವಾರಕ್ಕೊಮ್ಮೆ ಠಾಣೆಗೆ ಹೋಗಿ ರುಜು ಹಾಕಬೇಕು, ಊರು ಬಿಟ್ಟು ಹೋಗಕೂಡದು ಎಂದು ಆಜ್ಞೆಯಾಗಿತ್ತು. ತರಕಾರಿಯವಳು ಅವನ ಬಾಗಿಲಿಗೆ ಬರುವುದನ್ನು ಬಿಟ್ಟಳು. ನೀರು ಹೊರುವವನು ಬಿಟ್ಟ. ಗಂಗರತ್ನಮ್ಮ ಬಿಡಲಿಲ್ಲ. "ಏನಕ್ಕಾ, ಚೀನಾಕ್ಕೆ ಆಲು ಉಯ್ತೀಯಂತೆ?" ಎಂದು ಬಸ್ಸಿನ ಕಂಡಕ್ಟರ್ ಪೆರುಮಾಳ್ ಎಲ್ಲರೆದುರು ಕೇಳಿದಾಗ, "ಎಮ್ಮೆಗೆ ಯುದ್ಧ ಗೊತ್ತಾ ಪೆರುಮಾಳು? ಬೆಳಗಾದ್ರೆ ಕೊಡ್ತದೆ. ವರ್ತನೆ ಆಲು ನಾನು ರೋಡಿಗೆ ಸುರೀಲಾ?" ಎಂದು ಬಾಯಿ ಮುಚ್ಚಿಸಿದಳು. ಆದರೆ ಆ ಬೀದಿಯ ಇನ್ನೊಂದು ಮನೆಯ ಯಜಮಾನಿತಿ, "ಅಲ್ಲಿಗೆ ಕೊಡೋ ಹಾಲು ನಮಗೆ ಬೇಡ" ಎಂದು ಬಾಗಿಲು ಹಾಕಿದಾಗ ಅವಳು ಅಳೆದ ಹಾಲನ್ನು ಮತ್ತೆ ಕ್ಯಾನಿಗೆ ಸುರಿದುಕೊಂಡಳು.

ಧೈರ್ಯ ಎಲ್ಲ ದಿನ ಒಂದೇ ಸಮ ಇರುವುದಿಲ್ಲ. ಒಂದು ಬೆಳಿಗ್ಗೆ ಅಂಗಡಿಯ ಎದುರು ಹತ್ತಾರು ಗಂಡಸರು ಗುಂಪುಕಟ್ಟಿ ನಿಂತಿದ್ದರು. ಗಂಗರತ್ನಮ್ಮ ತಲೆ ತಗ್ಗಿಸಿ ಮುಂದೆ ಹೋಗಿಬಿಟ್ಟಳು. ಬಸ್ ಸ್ಟ್ಯಾಂಡಿನಲ್ಲಿ ಕ್ಯಾನು ಪಕ್ಕಕ್ಕಿಟ್ಟು ಕುಳಿತರೆ ಒಳಗೆ ಉಳಿದ ತಾಂಗ್‌ನ ಪಾಲಿನ ಅರ್ಧ ಸೇರು ಹಾಲು ತುಳುಕಿದ ಸದ್ದಾಯಿತು. ಬಸ್ಸು ಬಂತು, ಹೋಯಿತು. ಅವಳು ಹತ್ತಲಿಲ್ಲ. ಎದ್ದು ವಾಪಸು ನಡೆದು, ಗುಂಪಿನ ನಡುವೆಯೇ ದಾರಿ ಮಾಡಿಕೊಂಡು ಹೋಗಿ ಬಾಗಿಲು ತಟ್ಟಿದಳು. ಬಹಳ ಹೊತ್ತಿನ ಮೇಲೆ ಬಾಗಿಲು ತೆರೆಯಿತು.

ಇದಾದ ಮುಂದಿನ ವಾರ ಪೊಲೀಸರು ಅಂಗಡಿ ಶೋಧಿಸಿದರು. ಚೀನಿ ಅಕ್ಷರವಿದ್ದ ಪುಸ್ತಕ, ಪಂಚಾಂಗ, ಬಾಗಿಲ ಮೇಲಿನ ಕೆಂಪು ಕಾಗದ ಎಲ್ಲವನ್ನೂ ತೆಗೆದುಕೊಂಡರು. ಅವುಗಳ ಜೊತೆಗೆ ನಾಲ್ಕು ಬಟ್ಟಲುಗಳೂ ಹೋದವು. ಬಟ್ಟಲು ತನ್ನವಲ್ಲ, ಹಾಲಿನ ಗಂಗರತ್ನಮ್ಮನವು ಎಂದು ತಾಂಗ್ ಹೇಳಿದ್ದನಂತೆ. ಕಾನ್‌ಸ್ಟೆಬಲ್ ಮುನಿಶಾಮಿ ಸೈಕಲ್ ತುಳಿದುಕೊಂಡು ಹಳ್ಳಿಗೆ ಬಂದು ಅವಳನ್ನು ಕರೆದ.

ಕನಕಮ್ಮ ಅಳತೊಡಗಿದಳು. ಅಶ್ವತ್ಥಪ್ಪ ಬಯ್ಯುತ್ತಲೇ ಅಂಗಿ ಹಾಕಿಕೊಂಡು ತಂಗಿಯ ಜೊತೆ ಹೊರಟ. ಠಾಣೆಯ ಮುಂದಿನ ಹುಣಸೆಮರದ ಕೆಳಗೆ ಅವನನ್ನು ಕೂರಿಸಿ, ಅವಳೊಬ್ಬಳನ್ನೇ ಒಳಗೆ ಬಿಟ್ಟರು. ಸಬ್ ಇನ್‌ಸ್ಪೆಕ್ಟರ್ ಹೊಸಬ, ಧಾರವಾಡದ ಕಡೆಯವನು. ಅವನ ಮೇಜಿನ ಮೇಲೆ ಬಟ್ಟಲುಗಳು ಹೇಗೆಂದರೆ ಹಾಗೆ ಇದ್ದವು. ತಾಂಗ್ ಕಾಣಿಸಲಿಲ್ಲ.

"ಕೂಡವ್ವ" ಎಂದ ಇನ್‌ಸ್ಪೆಕ್ಟರ್. "ಇವು ನಿನ್ನವ ಏನು?"

"ನನ್ನವೇ ಸಾಮಿ. ನಂದಿದುರ್ಗದ ಬಂಗಲೆ ದೊರೆಸಾನಿ ಕೊಟ್ಟಿದ್ದು."

"ಇದರ ಮ್ಯಾಲೆ ಏನು ಬರದದ, ನಿನಗ ಗೊತ್ತದ ಏನು?"

"ಗೊತ್ತು ಸಾಮಿ."

"ನಿನಗ ಚೀನಿ ಓದಾಕ ಬರ್ತದ?"

"ಕನ್ನಡಾನೇ ಬರಲ್ಲ ಸಾಮಿ. ಡಾಕ್ಟ್ರು ಆವತ್ತು ಏಳಿಕೊಟ್ಟಿದ್ದು. ಮನಸಿನಾಗೆ ಐತೆ."

"ಡಾಕ್ಟರು ನನಗೂ ಹೇಳ್ಯಾನ. ಒಂದು ಬಟ್ಟಲದ ಮ್ಯಾಲೆ ಯಾರರ ಹಿಂತಾದ್ದು ಬರೀತಾರೇನು ಅಂತ ನನಗ ನಂಬಿಕಿ ಬರಲಿಲ್ಲ. ನೀ ಹೇಳು. ಇಬ್ಬರದೂ ಒಂದಾದರ ನೋಡೂಣು."

ತಾನು ಒಂದು ಮಾತು ತಪ್ಪಿದರೆ ತಾಂಗ್‌ಗೆ ಏನಾದೀತೋ ಎಂಬ ಯೋಚನೆ ಗಂಗರತ್ನಮ್ಮನಿಗೆ ಬಂತು. ಎದ್ದು ಬಟ್ಟಲುಗಳನ್ನು ಬಲದಿಂದ ಎಡಕ್ಕೆ ಜೋಡಿಸಿದಳು. ಜೋಡಿಸುವಾಗ ಮುದುಕರ ಮುಖ ಕಂಡು ಸ್ವಲ್ಪ ಸಮಾಧಾನವಾಯಿತು.

"ಬೆಟ್ಟ ಅತ್ತಿ ಒತ್ತಾರೆ ಒಬ್ಬ ನೆಂಟ ಬಂದ ಸಾಮಿ. ಬಂದೋನು ಇನ್ನೂ ಓಗಿಲ್ಲ. ಮನೆಯೋನು ಇನ್ನೊಂದು ದಪ ನೀರು ಕಾಯಿಸ್ದ. ಮಾತೆಲ್ಲಾ ಆಗೋಯ್ತು. ಆದ್ರೂ, ಎಮ್ಮೆ ಕರೆಯೋ ಒತ್ತಾಯ್ತು ಅಂತ ಇಬ್ರಲ್ಲಿ ಒಬ್ರೂ ಅನ್ನಲಿಲ್ಲ. ಆಚೆ ಮಂಜು ಐತೆ, ಕರಗ್ಲಿ ತಡಿ ಅಂತ ಅವನೂ ಅಂದ, ಇವನೂ ಅಂದ."

ಇನ್‌ಸ್ಪೆಕ್ಟರ್ ಹುಬ್ಬೇರಿಸಿದ. "ಎಮ್ಮಿ ಎಲ್ಲಿಂದ ಬಂತು? ಡಾಕ್ಟರು ಎಮ್ಮಿ ಹೇಳಿಲ್ಲ."

ಗಂಗರತ್ನಮ್ಮ ಮೂರನೆಯ ಬಟ್ಟಲು ನೋಡಿದಳು. ಅಲ್ಲಿ ಎಮ್ಮೆ ಇರಲಿಲ್ಲ. ಎಂದು ಸೇರಿತೋ ಅವಳಿಗೂ ತಿಳಿಯದು.

"ಎಮ್ಮೆ ನಂದು ಸಾಮಿ" ಎಂದಳು ಮೆಲ್ಲಗೆ. "ಇಷ್ಟು ವರ್ಷ ನನ್ನ ಬಾಯಾಗೇ ಇತ್ತಲ್ಲ, ಎಂಗೋ ಸೇರ್ಕೊಂಬುಟ್ಟೈತೆ. ಅದು ತಪ್ಪು. ಡಾಕ್ಟ್ರು ಸುಳ್ಳೇಳಿಲ್ಲ ಸಾಮಿ."

ಬಾಗಿಲಲ್ಲಿ ನಿಂತಿದ್ದ ಮುನಿಶಾಮಿ ಕೆಮ್ಮಿದಂತೆ ಮಾಡಿ ನಗು ನುಂಗಿದ. ಇನ್‌ಸ್ಪೆಕ್ಟರ್ ನಗಲಿಲ್ಲ. ನಾಲ್ಕನೆಯ ಬಟ್ಟಲನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದ. ಪಿಂಗಾಣಿಯ ಆಚೆಗೆ ಅವನ ಬೆರಳುಗಳು ನೆರಳಾಗಿ ಕಂಡವು.

"ಇದರಾಗ ಗುಟ್ಟು ಏನದ?"

"ಗುಟ್ಟೇನಿಲ್ಲ ಸಾಮಿ. ಒಬ್ರನ್ನ ಬುಟ್ಟು ಒಬ್ರು ಓಗಕ್ಕೆ ಮನಸಿಲ್ಲ. ಬಾಯಿಬುಟ್ಟು ಅನ್ನಾಕೆ ನಾಚ್ಕೆ. ಅಷ್ಟೇ."

ಆತ ಬಟ್ಟಲನ್ನು ಬೆರಳಲ್ಲಿ ಒಮ್ಮೆ ತಿರುಗಿಸಿದ. "ಮತ್ತ ಆ ನೆಂಟ ಕಡೀಕ ಹೋದನೇನು?"

"ಅದು ಬರ್ದಿಲ್ಲ ಸಾಮಿ."

"ಹೂಂ" ಎಂದು ಬಟ್ಟಲನ್ನು ಸಾಲಿನಲ್ಲಿ ಅದರ ಜಾಗಕ್ಕೇ ಇಟ್ಟ. "ನನ್ನ ಕೈಯಾಗ ಏನೂ ಇಲ್ಲವ್ವ. ಮ್ಯಾಲಿನವರಿಗೆ ಬರೀತೀನಿ. ಉತ್ತರ ಬರೂತನಕ ಇಲ್ಲೇ ಇರ್ತಾವ. ಒಡೀದಂಗ ನೋಡ್ಕೋತೀನಿ. ನೀ ಹೋಗು."

ಹೊರಗೆ ಅಶ್ವತ್ಥಪ್ಪ ಎದ್ದು ಬಂದ. "ಏನಂದ್ರು? ಏನ್ ಕೇಳಿದ್ರು?"

"ಪದ ಏಳ್ಸಿದ್ರು."

"ಪದಾನಾ? ಟೇಸನ್ನಾಗಾ?"

ಅವಳಿಗೆ ಅಳುವೂ ನಗುವೂ ಒಟ್ಟಿಗೆ ಬಂತು. ಅಣ್ಣ ಠಾಣೆಯ ಮುಂದೆ ಅಷ್ಟು ಹೊತ್ತೂ ತುಟಿ ಬಿಗಿದುಕೊಂಡೇ ಕುಳಿತಿದ್ದ. ಬಂಗಾರದ ಹಲ್ಲು ಯಾರಿಗಾದರೂ ಕಂಡೀತೆಂಬ ಹೆದರಿಕೆ ಅವನಿಗೆ.

ಯುದ್ಧ ನಿಂತಿತು. ವಿಚಾರಣೆ ಮುಗಿದು ತಾಂಗ್ ಅಂಗಡಿಗೆ ಮರಳಿದ್ದ. ಮುಂದಿನ ಬೇಸಿಗೆಯಲ್ಲಿ ಮುನಿಶಾಮಿ ಬಟ್ಟಲುಗಳನ್ನು ಬುಟ್ಟಿಯಲ್ಲಿಟ್ಟು ತಂದುಕೊಟ್ಟ. ಪ್ರತಿಯೊಂದನ್ನೂ ಠಾಣೆಯ ಹಳೆಯ ಪತ್ರಿಕೆಯಲ್ಲಿ ಬೇರೆಬೇರೆಯಾಗಿ ಸುತ್ತಿತ್ತು. ಅಶ್ವತ್ಥಪ್ಪ ಈ ಸಲ ಅವನ್ನು ಮನೆಯೊಳಗೆ ಇಡಲು ಬಿಟ್ಟ. ಆ ಮಳೆಗಾಲದಲ್ಲಿ ಅವನ ಕೆನ್ನೆ ಕುಂಬಳಕಾಯಿಯಂತೆ ಊದಿಕೊಂಡು, ಎರಡು ದಿನ ಲವಂಗ ಕಚ್ಚಿ ನರಳಿ, ಕೊನೆಗೆ ತಂಗಿಯ ಹಿಂದೆ ತಲೆಗೆ ಟವೆಲು ಮುಚ್ಚಿಕೊಂಡು ತಾಂಗ್‌ನ ಅಂಗಡಿಯ ಹಿತ್ತಲ ಬಾಗಿಲಿಗೆ ಹೋದ. ತಾಂಗ್ ಅವನನ್ನು ಮುಂಬಾಗಿಲಿಗೆ ಕರೆತಂದು ಕುರ್ಚಿಯಲ್ಲಿ ಕೂರಿಸಿ, ಬೆಳಕು ಇಲ್ಲೇ ಚೆನ್ನಾಗಿದೆ ಎಂದಷ್ಟೇ ಹೇಳಿದ. ಅದನ್ನು ಕಂಡು ಬೇರೆಯವರೂ ಒಬ್ಬೊಬ್ಬರಾಗಿ ಬರತೊಡಗಿದರು. ಹಲ್ಲು ನೋವಿಗೆ ಬಹಳ ದಿನ ಹಗೆ ಸಾಧಿಸುವ ಶಕ್ತಿ ಇರುವುದಿಲ್ಲ.

ಆದರೂ ಅದರ ಮರುವರ್ಷ ಒಂದು ದಿನ ತಾಂಗ್ ತಾನು ಕಲ್ಕತ್ತಾಕ್ಕೆ, ತಮ್ಮನ ಮನೆಗೆ ಹೋಗುವುದಾಗಿ ಹೇಳಿದ. ಊರು ಬಿಡಲು ಅವನಿಗೆ ಅಪ್ಪಣೆ ಸಿಕ್ಕಿತ್ತು.

"ಈಗ ಎಲ್ಲಾ ಸರಿಯಾಯ್ತಲ್ಲ ಡಾಕ್ಟ್ರೆ. ಜನ ಬತ್ತಾವ್ರೆ. ಇನ್ಯಾಕೆ?"

ತಾಂಗ್ ಉಪಕರಣಗಳನ್ನು ಒರೆಸಿ ಪೆಟ್ಟಿಗೆಗೆ ತುಂಬುತ್ತಿದ್ದ. "ಮೊದಲು ಬಾಗಿಲು ತಟ್ಟಿದರೆ ಯಾರಿಗೋ ಹಲ್ಲು ನೋವು ಅಂತ ಎದ್ದು ಹೋಗ್ತಿದ್ದೆ. ಈಗ ಹಾಗೆ ಅನಿಸೋದಿಲ್ಲ ಅಮ್ಮಾ. ಎರಡು ವರ್ಷ ನೋಡಿದೆ. ಅನ್ನಿಸಲಿಲ್ಲ."

ಆತ ಹೊರಡುವ ದಿನ ಬೆಳಿಗ್ಗೆ ನಾಲ್ಕು ಬಟ್ಟಲುಗಳನ್ನೂ ತಂದು ಮೇಜಿನ ಮೇಲಿಟ್ಟಳು.

"ತಗೊಂಡೋಗಿ. ಓದಾಕೆ ಬರೋರತ್ರ ಇರ್ಲಿ."

"ಬೇಡ. ಇದು ನಿಮ್ಮ ದುಡಿಮೆ."

ಆಮೇಲೆ ಆತ ಏನೋ ಯೋಚಿಸಿ ಒಲೆ ಹಚ್ಚಿದ. ಅವಳು ತಂದ ಹಾಲಿನಲ್ಲೇ ಟೀ ಕುದಿಸಿ ಎರಡು ಬಟ್ಟಲಿಗೆ ಸೋಸಿದ. ಗಂಗರತ್ನಮ್ಮ ಆ ಬಟ್ಟಲಿನಲ್ಲಿ ಹಿಂದೆಂದೂ ಏನನ್ನೂ ಕುಡಿದಿರಲಿಲ್ಲ. ತೆಳುವಾದ ಅಂಚು ತುಟಿಗೆ ತಾಗಿದ್ದೇ ತಿಳಿಯಲಿಲ್ಲ. ಹಿಡಿಯಿಲ್ಲದ್ದರಿಂದ ಬಿಸಿ ಬೆರಳಿಗೇ ಬಡಿಯಿತು. ಎರಡೂ ಕೈಯಲ್ಲಿ ಹಿಡಿಯಬೇಕಾಯಿತು. ಇಬ್ಬರೂ ಎದುರುಬದುರು ಕುಳಿತು ಕುಡಿದರು.

"ಒಂದಾದ್ರೂ ತಗೊಳ್ಳಿ" ಎಂದಳು.

"ಒಂದು ತಗೊಂಡರೆ ಪದ್ಯ ಹರಿದು ಹೋಗುತ್ತೆ."

"ಎಲ್ಲೋಗ್ತದೆ? ನಿಮ್ಗೂ ಗ್ಯಾನ ಐತೆ, ನನ್ಗೂ ಐತೆ."

ಮಂಜಿನ ಬಟ್ಟಲನ್ನೇ ಎತ್ತುತ್ತಾನೆ ಎಂದು ಅವಳು ಅಂದುಕೊಂಡಿದ್ದಳು. ಆತ ಒಲೆಯ ಬಟ್ಟಲನ್ನು ಆರಿಸಿಕೊಂಡ. ಅದನ್ನು ತೊಳೆದು, ಹತ್ತಿಯಲ್ಲಿ ಸುತ್ತಿ, ಹಲ್ಲಿನ ಅಚ್ಚುಗಳ ನಡುವೆ ಭದ್ರವಾಗಿಟ್ಟ.

ಪೆಟ್ಟಿಗೆಯನ್ನು ಅಶ್ವತ್ಥಪ್ಪ ತಲೆಯ ಮೇಲೆ ಹೊತ್ತು ಸ್ಟೇಷನ್ನಿಗೆ ತಂದ. ಮದ್ರಾಸಿನ ಗಾಡಿ ಹೊತ್ತಿಗೆ ಸರಿಯಾಗಿ ಬಂತು. ಕಿಟಕಿಯ ಬಳಿ ನಿಂತು ಅಶ್ವತ್ಥಪ್ಪ, "ಡಾಕ್ಟ್ರೆ, ಈ ಬಂಗಾರದ್ದು ಸಡಿಲ ಆದ್ರೆ ಯಾರ್‍ಹತ್ರ ಓಗ್ಲಿ?" ಎಂದು ಕೇಳಿದ. "ನೀವು ಇರೋವರೆಗೆ ಅದು ಇರುತ್ತೆ" ಎಂದ ತಾಂಗ್. ಗಾಡಿ ಚಲಿಸಿದಾಗ ಆತ ಗಂಗರತ್ನಮ್ಮನಿಗೆ ಕೈಮುಗಿದ. ಅವಳೂ ಮುಗಿದಳು. ಕ್ಯಾನು ಕೈಯಲ್ಲಿದ್ದುದರಿಂದ ಅದು ಸರಿಯಾಗಿ ಆಗಲಿಲ್ಲ.

ಬೂದಿಕೋಟೆ ಬಸ್ಸಿನಲ್ಲಿ ಅವಳ ಪಕ್ಕ ಹೂ ಮಾರುವ ಪಾಪಕ್ಕ ಕುಳಿತಿದ್ದಳು. ಸ್ಟೇಷನ್ನಿನಲ್ಲಿ ಎಲ್ಲವನ್ನೂ ನೋಡಿದ್ದಳು. "ಯಾರಕ್ಕಾ ಅವ್ರು? ನಿಂಗೇನಾಗ್ಬೇಕು?" ಎಂದು ಕೇಳಿದಳು.

ಗಂಗರತ್ನಮ್ಮ ಬಾಯಿ ತೆರೆದವಳು ನಿಲ್ಲಿಸಿದಳು. ಅಣ್ಣ ಅಂದರೆ ಅಣ್ಣ ಮುಂದಿನ ಸೀಟಿನಲ್ಲೇ ಕುಳಿತಿದ್ದ. ಸಾಮಿ ಅಂದರೆ ದೂರವಾಯಿತು. ಇದ್ದ ಸಂಬಂಧಗಳನ್ನೆಲ್ಲ ಒಂದೊಂದಾಗಿ ಮನಸ್ಸಿನಲ್ಲಿ ಮುಟ್ಟಿ ನೋಡಿದಳು. ಯಾವುದೂ ಕೂರಲಿಲ್ಲ.

"ನಮ್ಮ ವರ್ತನೆ ಮನೆಯೋರು ಕಣಮ್ಮ" ಎಂದಳು. ಸ್ವಲ್ಪ ತಡೆದು, "ಒಳ್ಳೇವ್ರು" ಎಂದಳು.

"ಅಯ್ಯೋ, ಆಗಾದ್ರೆ ಒಂದು ವರ್ತನೆ ಓಯ್ತಲ್ಲ ನಿಂಗೆ" ಎಂದು ಪಾಪಕ್ಕ ಮರುಗಿದಳು. "ನಮ್ಮನೇಲಿ ಸೊಸೆ ಈಗ ಬಾಣಂತಿ. ಒಂದು ಅರ್ಧ ಸೇರು ನಮಗೆ ಕೊಡ್ತೀಯಾ?"

ಗಂಗರತ್ನಮ್ಮ ಖಾಲಿ ಕ್ಯಾನನ್ನು ಮೊಣಕಾಲಿನ ನಡುವೆ ಸರಿಯಾಗಿ ನಿಲ್ಲಿಸಿಕೊಂಡಳು.

"ಕೊಡ್ತೀನಿ. ಗಂಡೋ ಎಣ್ಣೋ?" ಎಂದು ಕೇಳಿದಳು.